ನೀರು, ಕುದುರೆ ಮತ್ತು ಒಂದು ಊರು: ಸರಟೋಗದ ಕಥೆ

ಊರು ಹುಟ್ಟುವುದಕ್ಕೆ ಏನಾದರೂ ಒಂದು ನೆಪ ಬೇಕು. ಒಂದು ಊರು ಕೋಟೆಯ ನೆರಳಿನಲ್ಲಿ ಹುಟ್ಟಿದರೆ ಇನ್ನೊಂದು ಬಂದರಿನ ಮಗ್ಗುಲಲ್ಲಿ, ಮತ್ತೊಂದು ದೇವಸ್ಥಾನದ ಬಾಗಿಲಲ್ಲಿ ಹುಟ್ಟುತ್ತದೆ. ಹುಟ್ಟೂರು ಬಿಟ್ಟು ಬಂದ ನಾವು ಇಂದು ನೆಲೆಸಿರುವ ಮಹಾನಗರಗಳಾದರೋ ಗಿರಣಿ, ರೈಲು, ಕಚೇರಿಗಳನ್ನು ನೆಚ್ಚಿ ಬೆಳೆದವು. ನೆಲದೊಳಗಿಂದ ಉಕ್ಕುವ ನೀರನ್ನು ನೆಚ್ಚಿ ಹುಟ್ಟಿ, ಕುದುರೆಯ ಓಟವನ್ನು ನೆಚ್ಚಿ ಬೆಳೆದ ಊರುಗಳು ಜಗತ್ತಿನಲ್ಲಿ ಕೆಲವೇ ಕೆಲವು. ಅವುಗಳಲ್ಲೊಂದು ಅಮೇರಿಕದ ನ್ಯೂಯಾರ್ಕ್ ರಾಜ್ಯದ ಸರಟೋಗ ಸ್ಪ್ರಿಂಗ್ಸ್.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿ, ಹಡ್ಸನ್ ನದಿಯ ಪಶ್ಚಿಮಕ್ಕೆ, ಗುಡ್ಡಗಾಡಿನ ಬುಡದಲ್ಲಿ ಈ ಊರಿದೆ. ಇಂದಿಗೂ ಅಲ್ಲಿನ ಜನಸಂಖ್ಯೆ ಮೂವತ್ತು ಸಾವಿರವನ್ನು ಮುಟ್ಟಿಲ್ಲ. ಆದರೂ ಅಮೇರಿಕದ ಸಿರಿವಂತರ ವೈಭವ, ಜೂಜು, ಕಾಯದೆ, ವರ್ಣದ್ವೇಷ ಇವೆಲ್ಲದರ ಚರಿತ್ರೆಯಲ್ಲೂ ಈ ಸಣ್ಣ ಊರಿನ ಹೆಸರು ಬರುತ್ತದೆ. ನೀರು ಯಾರದು ಎಂಬ ಪ್ರಶ್ನೆಗೆ ಅಲ್ಲಿಯವರು ಕಂಡುಕೊಂಡ ಉತ್ತರವಂತೂ ನಮ್ಮ ಕಾಲಕ್ಕೂ ಬೇಕಾದುದು.

ನೀರಿನ ಗುಣ

ಬುಗ್ಗೆ ಎಂದೊಡನೆ ಮುಂಬಯಿಯ ನಮ್ಮವರಿಗೆ ವಜ್ರೇಶ್ವರಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳು ನೆನಪಿಗೆ ಬರುತ್ತವೆ. ಪುತ್ತೂರಿನ ಕಡೆಯವರಿಗೆ ಬೆಂದ್ರು ತೀರ್ಥ ನೆನಪಾಗಬಹುದು. ಸರಟೋಗದ ನೀರು ಹಾಗಲ್ಲ, ಅದು ತಣ್ಣೀರು. ಗುಳುಗುಳು ಎಂದು ನೊರೆಯಾಗಿ ಏಳುವ, ಬಾಯಿಗಿಟ್ಟರೆ ಚುರುಗುಟ್ಟುವ, ಒಗರು ಉಪ್ಪು ಬೆರೆತ ರುಚಿಯ ನೀರು. ಒಂದು ಮಾತಿನಲ್ಲಿ ಹೇಳುವುದಾದರೆ ಭೂಮಿತಾಯಿಯೇ ತಯಾರಿಸಿದ ಸೋಡಾ!

ಆ ಊರಿನ ಅಡಿಯಲ್ಲಿ ಸುಣ್ಣಕಲ್ಲಿನ ದಪ್ಪ ಪದರಗಳಿವೆ. ಅವುಗಳ ಮೇಲೆ ನೀರು ಸೋರದ ಜೇಡಿಗಲ್ಲಿನ ಮುಚ್ಚಳವಿದೆ. ಆಳದಲ್ಲಿ ಸಿಕ್ಕಿಕೊಂಡ ನೀರಿನಲ್ಲಿ ಲವಣಗಳೂ ಇಂಗಾಲಾಮ್ಲ ವಾಯುವೂ ಕರಗಿರುತ್ತವೆ. ಊರಿನ ಉದ್ದಕ್ಕೂ ಹಾದುಹೋಗುವ ನೆಲದ ಬಿರುಕೊಂದರಲ್ಲಿ ಈ ನೀರು ವಾಯುವಿನ ಒತ್ತಡದಿಂದಲೇ ಮೇಲಕ್ಕೆ ನುಗ್ಗುತ್ತದೆ. ಒಂದು ಬುಗ್ಗೆಯ ರುಚಿ ಇನ್ನೊಂದಕ್ಕಿಲ್ಲ. ಒಂದರಲ್ಲಿ ಕಬ್ಬಿಣ ಹೆಚ್ಚು, ಒಂದರಲ್ಲಿ ಉಪ್ಪು ಹೆಚ್ಚು. ‘ಹೈ ರಾಕ್’ ಎಂಬ ಅತಿ ಪುರಾತನ ಬುಗ್ಗೆಯ ಸುತ್ತ, ಸಾವಿರಾರು ವರ್ಷ ನೀರು ಉಕ್ಕಿ ಉಕ್ಕಿ, ಲವಣಗಳು ಹೆಪ್ಪುಗಟ್ಟಿ, ಹುತ್ತದಂಥ ಕಲ್ಲಿನ ದಿಬ್ಬವೇ ಬೆಳೆದುಕೊಂಡಿದೆ.

ತೋರಿಸಿಕೊಟ್ಟವರು

ಬಿಳಿಯರು ಬರುವ ಮುಂಚೆ ಈ ನೀರು ಮೊಹಾಕ್ ಮೊದಲಾದ ಮೂಲನಿವಾಸಿಗಳಿಗೆ ಗೊತ್ತಿತ್ತು. ಬ್ರಿಟಿಷ್ ಸರಕಾರದ ಪರವಾಗಿ ಅವರೊಡನೆ ವ್ಯವಹರಿಸುತ್ತಿದ್ದ ಸರ್ ವಿಲಿಯಂ ಜಾನ್ಸನ್ ಎಂಬ ಅಧಿಕಾರಿಯನ್ನು, ಹಳೆಯ ಗಾಯದಿಂದ ಆತ ನರಳುತ್ತಿದ್ದಾಗ, ಮೊಹಾಕರು 1771ರಲ್ಲಿ ಡೋಲಿಯಲ್ಲಿ ಹೊತ್ತು ಹೈ ರಾಕ್ ಬುಗ್ಗೆಗೆ ತಂದರೆಂದು ಪ್ರತೀತಿ. ಹೋಗುವಾಗ ಹೊತ್ತುಕೊಂಡು ಹೋದ ಮನುಷ್ಯ ಬರುವಾಗ ಸ್ವಲ್ಪ ದೂರ ನಡೆದುಕೊಂಡು ಬಂದನಂತೆ! ಸುದ್ದಿ ಹಬ್ಬಿತು.

ಆದರೆ ತೋರಿಸಿಕೊಟ್ಟವರಿಗೆ ಆ ನೆಲ ಉಳಿಯಲಿಲ್ಲ. ಮುಂದೆ ನಡೆದ ಸ್ವಾತಂತ್ರ್ಯಯುದ್ಧದಲ್ಲಿ ಮೊಹಾಕರಲ್ಲಿ ಬಹುಪಾಲು ಜನ ಬ್ರಿಟಿಷರ ಪಕ್ಷ ವಹಿಸಿದರು. ಯುದ್ಧ ಸೋತ ಮೇಲೆ ಭೂಮಿ ಕಳೆದುಕೊಂಡು ಕೆನಡಾದ ಕಡೆ ವಲಸೆ ಹೋದರು. ಸರಟೋಗದ ಬಗ್ಗೆ ಬರೆಯುವವರು ಜಾನ್ಸನ್ನನ ಕಥೆಯನ್ನು ತಪ್ಪದೆ ಹೇಳುತ್ತಾರೆ. ಡೋಲಿ ಹೊತ್ತವರ ಮುಂದಿನ ಕಥೆಯನ್ನು ಹೇಳುವವರು ಕಡಿಮೆ.

ಅಲ್ಲಿನ ಯುದ್ಧ, ಇಲ್ಲಿನ ಮೈಸೂರು

ಆ ಯುದ್ಧದ ದಿಕ್ಕು ಬದಲಾದದ್ದು ಈ ಸೀಮೆಯಲ್ಲೇ. 1777ರ ಸೆಪ್ಟೆಂಬರ್ 19 ಮತ್ತು ಅಕ್ಟೋಬರ್ 7ರಂದು, ಬುಗ್ಗೆಗಳಿಂದ ತುಸು ದೂರದಲ್ಲಿ ಹಡ್ಸನ್ ನದಿಯ ಪಕ್ಕದಲ್ಲಿ ಎರಡು ಕಾಳಗಗಳು ನಡೆದವು. ಬ್ರಿಟಿಷ್ ಸೇನಾನಿ ಬರ್ಗಾಯಿನ್ ಅಕ್ಟೋಬರ್ 17ರಂದು ತನ್ನ ಸೈನ್ಯದೊಂದಿಗೆ ಶರಣಾದ. ಅಮೇರಿಕನರು ಗೆಲ್ಲಬಲ್ಲರೆಂಬ ನಂಬಿಕೆ ಫ್ರಾನ್ಸಿಗೆ ಬಂದದ್ದು ಆಗ. 1778ರಲ್ಲಿ ಫ್ರಾನ್ಸ್ ಅವರ ಪರವಾಗಿ ಯುದ್ಧಕ್ಕಿಳಿಯಿತು.

ಇದಕ್ಕೂ ನಮಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. ಫ್ರೆಂಚರೊಡನೆ ಯುದ್ಧ ಹೊತ್ತಿಕೊಂಡ ಕೂಡಲೇ ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿದ್ದ ಫ್ರೆಂಚ್ ಠಾಣ್ಯಗಳ ಮೇಲೆ ಬಿತ್ತು. 1779ರಲ್ಲಿ ಮಲಬಾರಿನ ಮಾಹೆಯನ್ನೂ ಹಿಡಿಯಿತು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ರೇವಿನಿಂದ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಆತ ಮೊದಲೇ ಎಚ್ಚರಿಸಿದ್ದ. ಕಂಪನಿಯ ಮೇಲೆ ಆತನಿಗಿದ್ದ ಹಳೆಯ ಸಿಟ್ಟಿನ ಜೊತೆಗೆ ಇದೂ ಸೇರಿ, 1780ರಲ್ಲಿ ಮೈಸೂರಿನ ಸೈನ್ಯ ಘಟ್ಟವಿಳಿಯಿತು. ಆ ವರ್ಷದ ಪೊಳ್ಳಿಲೂರು ಕಾಳಗದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಹಡ್ಸನ್ ನದಿಯ ದಡದಲ್ಲಿ ಹಾರಿದ ಕಿಡಿಯೂ ಆ ಬೆಂಕಿಗೆ ಬಿದ್ದಿತ್ತೆಂಬುದು ಆ ಚಿತ್ರದ ಮುಂದೆ ನಿಂತಾಗ ಹೊಳೆಯುವುದಿಲ್ಲ.

ಹೋಟೆಲುಗಳ ಕಾಲ

ಯುದ್ಧ ಮುಗಿದ 1783ರಲ್ಲಿ ಜಾರ್ಜ್ ವಾಷಿಂಗ್ಟನ್ ಈ ಬುಗ್ಗೆಗಳನ್ನು ನೋಡಲು ಬಂದ. ಕೊಂಡುಕೊಳ್ಳಲೂ ಪ್ರಯತ್ನಿಸಿದ, ಆದರೆ ಕೈಗೂಡಲಿಲ್ಲ. ಊರನ್ನು ಕಟ್ಟಿದವನು ಗಿಡಿಯನ್ ಪಟ್ನಂ ಎಂಬ ಮರದ ವ್ಯಾಪಾರಿ. 1802ರಲ್ಲಿ ಈತ ‘ಕಾಂಗ್ರೆಸ್’ ಎಂಬ ಬುಗ್ಗೆಯ ಎದುರಿಗೆ ಒಂದು ವಸತಿಗೃಹ ಕಟ್ಟಿದ. ಕಾಡಿನ ನಡುವೆ ಇಷ್ಟು ದೊಡ್ಡ ಮನೆ ಯಾರಿಗೆಂದು ಸುತ್ತಲಿನವರು ನಕ್ಕರಂತೆ. ಪಟ್ನಂ ಅಷ್ಟಕ್ಕೇ ನಿಲ್ಲದೆ ಅಗಲವಾದ ಬೀದಿಗಳ ನಕ್ಷೆ ಹಾಕಿ ನಿವೇಶನಗಳನ್ನು ಮಾರಿದ. ಎರಡನೆಯ ಹೋಟೆಲನ್ನು ಕಟ್ಟಿಸುತ್ತಿದ್ದಾಗ ಸಾರುವೆಯ ಮೇಲಿಂದ ಬಿದ್ದು, 1812ರಲ್ಲಿ ತೀರಿಕೊಂಡ. ತಾನು ಹಾಕಿದ ನಕ್ಷೆ ಊರಾದದ್ದನ್ನು ಪೂರ್ತಿ ನೋಡುವ ಯೋಗ ಆತನಿಗಿರಲಿಲ್ಲ.

1820ರ ದಶಕದಲ್ಲಿ ಡಾಕ್ಟರ್ ಜಾನ್ ಕ್ಲಾರ್ಕ್ ಕಾಂಗ್ರೆಸ್ ಬುಗ್ಗೆಯ ನೀರನ್ನು ಶೀಸೆಗಳಲ್ಲಿ ತುಂಬಿ ದೂರದೂರದ ಊರುಗಳಿಗೆ ಮಾರಲಾರಂಭಿಸಿದ. 1833ರ ಹೊತ್ತಿಗೆ ರೈಲೂ ಬಂತು. ಅಲ್ಲಿಂದ ಮುಂದೆ ಜುಲೈ, ಆಗಸ್ಟ್ ತಿಂಗಳೆಂದರೆ ಸರಟೋಗದಲ್ಲಿ ಜಾತ್ರೆ. ಬೆಳಗ್ಗೆ ಬುಗ್ಗೆಯ ಬಳಿ ಲೋಟಗಟ್ಟಲೆ ನೀರು ಕುಡಿಯುವುದು, ಸಂಜೆ ಹೋಟೆಲಿನ ಉದ್ದನೆಯ ಜಗಲಿಯಲ್ಲಿ ಕುಳಿತು ಯಾರು ಯಾವ ಉಡುಪು ತೊಟ್ಟಿದ್ದಾರೆಂದು ನೋಡುವುದು, ರಾತ್ರಿ ನೃತ್ಯ. ಗ್ರ್ಯಾಂಡ್ ಯೂನಿಯನ್, ಯುನೈಟೆಡ್ ಸ್ಟೇಟ್ಸ್, ಕಾಂಗ್ರೆಸ್ ಹಾಲ್ ಎಂಬ ಹೋಟೆಲುಗಳು ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಹೋಟೆಲುಗಳ ಸಾಲಿನಲ್ಲಿದ್ದವು. ಕಾಯಿಲೆಯ ನೆಪದಲ್ಲಿ ಬಂದವರಲ್ಲಿ ಗಟ್ಟಿಮುಟ್ಟಾದವರೇ ಹೆಚ್ಚೆಂದರೆ ಅತಿಶಯವಲ್ಲ.

ಆಲೂಗಡ್ಡೆ ಚಿಪ್ಸ್ ಹುಟ್ಟಿದ್ದೂ ಇಲ್ಲಿಯೇ ಎಂಬ ಕಥೆಯನ್ನು ಹೇಳದಿದ್ದರೆ ಮನೆಯ ಮಕ್ಕಳು ಒಪ್ಪಲಾರರು. 1853ರಲ್ಲಿ ಸರೋವರದ ದಂಡೆಯ ಹೋಟೆಲೊಂದರಲ್ಲಿ, ಹೋಳು ದಪ್ಪವಾಯಿತೆಂದು ಗಿರಾಕಿಯೊಬ್ಬ ತಟ್ಟೆ ಹಿಂದಿರುಗಿಸಿದಾಗ, ಜಾರ್ಜ್ ಕ್ರಂ ಎಂಬ ಅಡಿಗೆಯವನು ಸಿಟ್ಟಿನಿಂದ ಕಾಗದದಷ್ಟು ತೆಳ್ಳಗೆ ಹೆಚ್ಚಿ ಗರಿಗರಿ ಕರಿದು ಕಳಿಸಿದನಂತೆ. ಕಥೆ ಚೆನ್ನಾಗಿದೆ. ಆದರೆ 1817ರಷ್ಟು ಹಿಂದೆಯೇ ಇಂಗ್ಲೆಂಡಿನ ಪಾಕಪುಸ್ತಕವೊಂದರಲ್ಲಿ ಇಂಥದೇ ತಿನಿಸಿನ ವಿಧಾನ ಅಚ್ಚಾಗಿತ್ತು. ಕ್ರಂ ಮಾತ್ರ ಕಟ್ಟುಕಥೆಯಲ್ಲ. ಕಪ್ಪು ಜನಾಂಗ ಮತ್ತು ಮೂಲನಿವಾಸಿ ಮನೆತನಗಳೆರಡರ ರಕ್ತವೂ ಇದ್ದ ಈ ಬಾಣಸಿಗ ಮುಂದೆ ಸ್ವಂತ ಹೋಟೆಲು ನಡೆಸಿ ಹೆಸರು ಮಾಡಿದ. ಆ ಚಿಪ್ಸಿಗೆ ‘ಸರಟೋಗ ಚಿಪ್ಸ್’ ಎಂಬ ಹೆಸರು ಬಹುಕಾಲ ನಿಂತಿತು.

ಪಿಟೀಲು ನುಡಿಸುತ್ತಿದ್ದವನು

ಹೋಟೆಲುಗಳ ಜಗಲಿಯಲ್ಲಿ ಕುಳಿತವರ ಚರಿತ್ರೆ ಸುಲಭವಾಗಿ ಸಿಕ್ಕುತ್ತದೆ. ಒಳಗೆ ದುಡಿದವರದು ಸಿಕ್ಕುವುದು ಕಷ್ಟ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರ ಸಮಾಜದವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಟೋಗದ ಭಾಗ್ಯಕ್ಕೆ ಅಂಥ ದುಡಿಮೆಗಾರನೊಬ್ಬನ ಕಥೆ ಅವನ ಮಾತಿನಲ್ಲೇ ಉಳಿದುಬಂದಿದೆ. ಅವನೇ ಸಾಲೊಮನ್ ನಾರ್ತಪ್.

ನಾರ್ತಪ್ ಕಪ್ಪು ಜನಾಂಗದವನು, ಆದರೆ ಹುಟ್ಟಿನಿಂದ ಸ್ವತಂತ್ರ. 1834ರಲ್ಲಿ ಹೆಂಡತಿ ಆನಳೊಡನೆ ಸರಟೋಗಕ್ಕೆ ಬಂದು ನೆಲೆಸಿದ. ಆತ ಬಾಡಿಗೆ ಗಾಡಿ ಹೊಡೆದ, ಯುನೈಟೆಡ್ ಸ್ಟೇಟ್ಸ್ ಹೋಟೆಲಿನಲ್ಲಿ ದುಡಿದ, ರೈಲುದಾರಿಯ ಕೆಲಸಕ್ಕೂ ಹೋದ. ಪಿಟೀಲು ನುಡಿಸುವುದರಲ್ಲಿ ಕುಶಲಿಯಾದುದರಿಂದ ಕರೆದವರ ಮನೆಗೆ ಹೋಗಿ ನುಡಿಸಿಯೂ ಸಂಪಾದಿಸುತ್ತಿದ್ದ. ಆನ್ ಹೋಟೆಲುಗಳಲ್ಲಿ ಅಡಿಗೆ ಮಾಡುತ್ತಿದ್ದಳು. ದಕ್ಷಿಣದ ಜಮೀನುದಾರರು ಬೇಸಗೆಗೆ ಬರುವಾಗ ತಮ್ಮ ಗುಲಾಮರನ್ನೂ ಜೊತೆಗೆ ತರುತ್ತಿದ್ದರು. ಅವರೊಡನೆ ಮಾತಿಗೆ ಕುಳಿತಾಗ, ಒಳ್ಳೆಯ ಬಟ್ಟೆ ತೊಟ್ಟವರ ಮನಸ್ಸಿನಲ್ಲೂ ಬಿಡುಗಡೆಯ ಹಂಬಲ ಅಡಗಿರುವುದನ್ನು ತಾನು ಕಂಡೆನೆಂದು ನಾರ್ತಪ್ ಬರೆದಿದ್ದಾನೆ.

1841ರ ವಸಂತದಲ್ಲಿ ಇಬ್ಬರು ಅಪರಿಚಿತರು ಬಂದರು. ಸರ್ಕಸ್ಸಿನಲ್ಲಿ ಪಿಟೀಲು ನುಡಿಸಲು ಬಾ, ಒಳ್ಳೆಯ ಸಂಬಳವಿದೆ ಎಂದರು. ಆನ್ ಕೆಲಸಕ್ಕಾಗಿ ಬೇರೆ ಊರಿಗೆ ಹೋಗಿದ್ದಳು. ಬೇಗ ಬಂದುಬಿಡುವೆನೆಂದುಕೊಂಡು ಒಂದು ಚೀಟಿಯನ್ನೂ ಬರೆದಿಡದೆ ಆತ ಹೊರಟ. ವಾಷಿಂಗ್ಟನ್ನಿನಲ್ಲಿ ಮೈಮರೆತು ಮಲಗಿದವನು ಎದ್ದು ನೋಡುವಾಗ ಕೈಕಾಲಿಗೆ ಸಂಕೋಲೆ ಬಿದ್ದಿತ್ತು. ಲೂಸಿಯಾನದ ತೋಟಗಳಲ್ಲಿ ಹನ್ನೆರಡು ವರ್ಷ ಗುಲಾಮನಾಗಿ ಕಳೆದ. ಕೊನೆಗೆ ಕೆನಡಾದ ಬಡಗಿಯೊಬ್ಬ ಗುಟ್ಟಾಗಿ ಬರೆದುಕೊಟ್ಟ ಕಾಗದ ಸರಟೋಗವನ್ನು ಮುಟ್ಟಿ, 1853ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ‘ಗುಲಾಮನಾಗಿ ಹನ್ನೆರಡು ವರ್ಷ’ ಎಂಬರ್ಥದ ಹೆಸರಿನಲ್ಲಿ ಅವನ ಆತ್ಮಕಥೆ ಅಚ್ಚಾಯಿತು. 2013ರಲ್ಲಿ ಚಲನಚಿತ್ರವಾದ ಆ ಕಥೆಗೆ ಮರುವರ್ಷ ಆಸ್ಕರ್ ಪ್ರಶಸ್ತಿಯೂ ಬಂತು. ಅವನನ್ನು ಮೋಸದಿಂದ ಒಯ್ದವರಿಗೆ ಮಾತ್ರ ಶಿಕ್ಷೆಯಾಗಲಿಲ್ಲ.

ಕುದುರೆಗಳು ಬಂದವು

ಸರಟೋಗಕ್ಕೆ ರೇಸನ್ನು ತಂದವನು ಜಾನ್ ಮಾರಿಸಿ. ಐರ್ಲೆಂಡಿನಲ್ಲಿ 1831ರಲ್ಲಿ ಹುಟ್ಟಿ, ತಂದೆತಾಯಿಗಳೊಡನೆ ಚಿಕ್ಕಂದಿನಲ್ಲೇ ಅಮೇರಿಕಕ್ಕೆ ವಲಸೆ ಬಂದ ಬಡ ಹುಡುಗ. ಮುಷ್ಟಿಯುದ್ಧದಲ್ಲಿ ದೇಶದ ಜಟ್ಟಿಯೆನಿಸಿಕೊಂಡ, ಜೂಜುಕಟ್ಟೆ ನಡೆಸಿ ಹಣ ಮಾಡಿದ, ಮುಂದೆ ಚುನಾವಣೆ ಗೆದ್ದು ಅಮೇರಿಕದ ಸಂಸತ್ತನ್ನೂ ಹೊಕ್ಕ. ಅಮೇರಿಕದ ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗ, ಗೆಟ್ಟಿಸ್‌ಬರ್ಗಿನ ಘೋರ ಕದನ ಮುಗಿದು ಸರಿಯಾಗಿ ಒಂದು ತಿಂಗಳಿಗೆ, 1863ರ ಆಗಸ್ಟ್ 3ರಂದು ಈತ ಸರಟೋಗದಲ್ಲಿ ನಾಲ್ಕು ದಿನಗಳ ರೇಸನ್ನು ಆರಂಭಿಸಿದ. ಯುದ್ಧದ ನಡುವೆ ಇದೆಂಥ ಆಟ ಎಂದು ಕೇಳಬಹುದು. ಜನರಂತೂ ಕಿಕ್ಕಿರಿದು ಬಂದರು.

ಮರುವರ್ಷ ರಸ್ತೆಯ ಆಚೆ ಬದಿಗೆ ಹೊಸ ಮೈದಾನ ಸಿದ್ಧವಾಯಿತು. ಅಲ್ಲಿ ಇಂದಿಗೂ ರೇಸು ನಡೆಯುತ್ತಿದೆ. ಮಾರಿಸಿಯ ಜೊತೆಗೂಡಿದವರಲ್ಲಿ ವಿಲಿಯಂ ಟ್ರಾವರ್ಸ್ ಒಬ್ಬ. ವಿನ್‌ಸ್ಟನ್ ಚರ್ಚಿಲನ ತಾಯಿಯ ತಂದೆ ಲೆನರ್ಡ್ ಜೆರೋಮ್ ಇನ್ನೊಬ್ಬ. 1864ರಲ್ಲಿ ಮೊದಲಾದ ಟ್ರಾವರ್ಸ್ ಪಂದ್ಯದ ಮೊದಲ ಗೆಲವು ‘ಕೆಂಟಕಿ’ ಎಂಬ ಕುದುರೆಯದು. 1870ರಲ್ಲಿ ಮಾರಿಸಿ ವೈಭವದ ಜೂಜುಮನೆಯೊಂದನ್ನು ಕಟ್ಟಿಸಿದ. ಅಲ್ಲಿ ಎರಡು ನಿಯಮಗಳು: ಜೂಜಿನ ಕೋಣೆಗೆ ಹೆಂಗಸರು ಬರಕೂಡದು, ಸರಟೋಗದ ನಿವಾಸಿಗಳು ಆಡಕೂಡದು. ಊರಿನವರ ಮನೆ ಮುರಿದರೆ ತನ್ನ ವ್ಯಾಪಾರ ನಿಲ್ಲುವುದೆಂದು ಜಾಣ ಮಾರಿಸಿ ಅರಿತಿದ್ದ.

ಆ ಕಾಲದ ನುರಿತ ಜಾಕಿಗಳಲ್ಲಿ ಬಹಳ ಮಂದಿ ಕಪ್ಪು ಜನಾಂಗದವರು. 1879ರ ಟ್ರಾವರ್ಸ್ ಗೆದ್ದ ಐಸಾಕ್ ಮರ್ಫಿ ಅವರಲ್ಲಿ ಅಗ್ರಗಣ್ಯ. ಶತಮಾನ ತಿರುಗುವ ಹೊತ್ತಿಗೆ ವರ್ಣದ್ವೇಷ ಈ ಜಾಕಿಗಳನ್ನು ಮೈದಾನದಿಂದಲೇ ಹೊರದೂಡಿತು. ಸರಟೋಗದ ರೇಸ್ ಮ್ಯೂಸಿಯಮ್ಮು 1955ರಲ್ಲಿ ತನ್ನ ಕೀರ್ತಿಶಾಲೆಗೆ ಮೊದಲ ಹೆಸರುಗಳನ್ನು ಸೇರಿಸಿದಾಗ ಮರ್ಫಿಯ ಹೆಸರೂ ಅದರಲ್ಲಿತ್ತು. ಅಷ್ಟರಲ್ಲಿ ಆತ ಸತ್ತು ಅರ್ಧ ಶತಮಾನ ಕಳೆದಿತ್ತು.

ಗೆದ್ದೇ ಗೆಲ್ಲುತ್ತದೆಂದು ಎಲ್ಲರೂ ಬಾಜಿ ಕಟ್ಟಿದ ಕುದುರೆಗೆ ಸರಟೋಗದಲ್ಲಿ ಸೋಲು ಕಾದಿರುತ್ತದೆಂದು ರೇಸಿನವರು ಹೇಳುವುದುಂಟು. ಇಪ್ಪತ್ತೊಂದು ಪಂದ್ಯ ಓಡಿ ಇಪ್ಪತ್ತು ಗೆದ್ದ ‘ಮ್ಯಾನ್ ಓ ವಾರ್’ ತನ್ನ ಒಂದೇ ಒಂದು ಸೋಲನ್ನು ಕಂಡದ್ದು ಇಲ್ಲಿ, 1919ರ ಆಗಸ್ಟ್ 13ರಂದು. ಸೋಲಿಸಿದ ಕುದುರೆಯ ಹೆಸರು ‘ಅಪ್‌ಸೆಟ್’! 1930ರ ಟ್ರಾವರ್ಸಿನಲ್ಲಿ ಒಂದಕ್ಕೆ ನೂರರ ದರವಿದ್ದ ‘ಜಿಮ್ ಡ್ಯಾಂಡಿ’ ಕೆಸರು ತುಳಿದು ‘ಗ್ಯಾಲಂಟ್ ಫಾಕ್ಸ್’ನನ್ನು ಹಿಂದಿಕ್ಕಿತು. 1973ರಲ್ಲಿ ಮಹಾ ‘ಸೆಕ್ರೆಟೇರಿಯಟ್’ ಕೂಡ ಇಲ್ಲಿ ‘ಆನಿಯನ್’ ಎಂಬ ಕುದುರೆಯೆದುರು ಸೋತಿತು. ಸೆಕ್ರೆಟೇರಿಯಟ್ಟಿಗೆ ಈರುಳ್ಳಿ ಕಣ್ಣೀರು ತರಿಸಿತೆಂದರೆ ನಗದವರಾರು?

ಮುಚ್ಚಿದ ಬಾಗಿಲು

ನಗೆಗೆ ವಿಷಯವಲ್ಲದ ಒಂದು ಪ್ರಸಂಗ 1877ರಲ್ಲಿ ನಡೆಯಿತು. ಜೋಸೆಫ್ ಸೆಲಿಗ್ಮನ್ ಯಹೂದಿ ಮನೆತನದ ದೊಡ್ಡ ಬ್ಯಾಂಕರು. ಅಂತರ್ಯುದ್ಧದ ಕಾಲದಲ್ಲಿ ಸರಕಾರದ ಸಾಲಪತ್ರಗಳನ್ನು ಮಾರಿಸಿ ದೇಶಕ್ಕೆ ನೆರವಾದವನು. ಆ ಬೇಸಗೆ ಕುಟುಂಬದೊಡನೆ ಬಂದಾಗ ಗ್ರ್ಯಾಂಡ್ ಯೂನಿಯನ್ ಹೋಟೆಲಿನಲ್ಲಿ ಅವನಿಗೆ ಕೋಣೆ ಕೊಡಲಿಲ್ಲ. ಯಹೂದಿಗಳನ್ನು ಸೇರಿಸಕೂಡದೆಂದು ಹೋಟೆಲಿನ ಆಡಳಿತ ವಹಿಸಿಕೊಂಡಿದ್ದ ಹೆನ್ರಿ ಹಿಲ್ಟನ್ ಕಟ್ಟಪ್ಪಣೆ ಮಾಡಿದ್ದ. ದೇಶದ ತುಂಬ ಗುಲ್ಲೆದ್ದಿತು, ಪತ್ರಿಕೆಗಳು ಬರೆದವು, ಹಿಲ್ಟನ್ನನ ಕೈಯಲ್ಲಿದ್ದ ಅಂಗಡಿಗೆ ಬಹಿಷ್ಕಾರವೂ ಬಿತ್ತು. ಆದರೆ ಅವಮಾನ ಅಲ್ಲಿಗೇ ನಿಲ್ಲದೆ, ಬೇರೆ ಬೇರೆ ವಿಹಾರಧಾಮಗಳ ಹೋಟೆಲುಗಳಿಗೂ ಹಬ್ಬಿತು.

ಹೊಸ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು, ಜಾತಿ, ಭಾಷೆ ಕೇಳಿದೊಡನೆ ಬಾಗಿಲು ಮುಚ್ಚಿಕೊಂಡದ್ದನ್ನು ಕಂಡವರು ನಮ್ಮ ನಡುವೆಯೂ ಇಲ್ಲದಿಲ್ಲ. ಕೈಯಲ್ಲಿ ಹಣವಿದ್ದರೆ ಎಲ್ಲ ಬಾಗಿಲೂ ತೆರೆಯುತ್ತದೆಂಬುದು ಸುಳ್ಳೆಂದು ಸೆಲಿಗ್ಮನ್ನನ ಅನುಭವ ತೋರಿಸುತ್ತದೆ.

ನೀರು ಬತ್ತಿದಾಗ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೇರಿಕದ ಪೇಟೆಪೇಟೆಯಲ್ಲೂ ಸೋಡಾ ಅಂಗಡಿಗಳೆದ್ದವು. ಸೋಡಾಕ್ಕೆ ವಾಯು ಬೇಕು, ಅದು ಸರಟೋಗದ ನೆಲದಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿಗಳು ಬಂದು ಆಳವಾದ ಕೊಳವೆಬಾವಿ ಕೊರೆದು, ಪಂಪು ಹಚ್ಚಿ, ಹಗಲಿರುಳು ನೀರೆತ್ತಿದವು. ವಾಯುವನ್ನು ಬೇರ್ಪಡಿಸಿಕೊಂಡು ನೀರನ್ನು ಚರಂಡಿಗೆ ಬಿಟ್ಟವು. ಸಾವಿರಾರು ವರ್ಷ ತಾನಾಗಿ ಉಕ್ಕುತ್ತಿದ್ದ ಬುಗ್ಗೆಗಳ ಮಟ್ಟ ಇಳಿಯಿತು, ಕೆಲವು ನಿಂತೇಹೋದವು. ನಮ್ಮ ಜಮೀನು, ನಮ್ಮ ಬಾವಿ, ಕೇಳಲು ನೀವು ಯಾರು ಎಂಬುದು ಕಂಪನಿಗಳ ವಾದ.

ಊರಿನವರು ಎದ್ದುನಿಂತರು. 1908ರಲ್ಲಿ ನ್ಯೂಯಾರ್ಕ್ ರಾಜ್ಯ ಇಂಥ ಪಂಪಿಂಗನ್ನು ತಡೆಯುವ ಕಾಯದೆ ಮಾಡಿತು. 1909ರಲ್ಲಿ ಬುಗ್ಗೆಗಳನ್ನೂ ಸುತ್ತಲಿನ ಜಮೀನನ್ನೂ ಕೊಂಡು ಕಾಪಾಡಲು ಸಮಿತಿಯೊಂದನ್ನು ನೇಮಿಸಿತು. ಅದರ ಮುಖ್ಯಸ್ಥನಾದ ಸ್ಪೆನ್ಸರ್ ಟ್ರಾಸ್ಕ್ ಆ ವರ್ಷದ ಕೊನೆಯ ದಿನ ರೈಲು ಅಪಘಾತದಲ್ಲಿ ಸತ್ತ. ಕೆಲಸ ನಿಲ್ಲಲಿಲ್ಲ. ಕಂಪನಿಯ ಕಡೆಯವರು ಹೂಡಿದ ದಾವೆ ಅಮೇರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1911ರಲ್ಲಿ ಕೋರ್ಟು ಕಾಯದೆಯನ್ನು ಎತ್ತಿಹಿಡಿಯಿತು. ನೆಲದಡಿಯ ನೀರು ಮೇಲಿನ ಜಮೀನುದಾರರೆಲ್ಲರಿಗೂ ಸಮಾನವಾಗಿ ಸೇರಿದ್ದು, ಒಬ್ಬನು ಅದನ್ನು ಪೋಲುಮಾಡಿ ಉಳಿದವರ ಪಾಲನ್ನು ಕಸಿಯದಂತೆ ನೋಡಿಕೊಳ್ಳುವ ಅಧಿಕಾರ ಸರಕಾರಕ್ಕಿದೆ ಎಂಬುದು ತೀರ್ಪಿನ ಸಾರ. ಪಂಪುಗಳು ನಿಂತ ಮೇಲೆ ಬುಗ್ಗೆಗಳು ಮೆಲ್ಲಗೆ ಮೇಲೆದ್ದವು.

ನಮ್ಮ ನಾಡಿನ ಸ್ಥಿತಿ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಜನ ಕೊಡ ಹಿಡಿದು ನಿಂತದ್ದನ್ನು ಕಂಡೆವು. ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಸಾವಿರ ಅಡಿ ಕೊರೆಯುವವನೂ ತನ್ನ ಜಮೀನು, ತನ್ನ ಬಾವಿ ಎಂದೇ ಹೇಳುತ್ತಾನೆ.

ಇಳಿಗಾಲ, ಮತ್ತೆ ಚಿಗುರು

ಬುಗ್ಗೆಗಳನ್ನು ಕಾಪಾಡಿದ ಗವರ್ನರ್ ಚಾರ್ಲ್ಸ್ ಹ್ಯೂಸ್ ಜೂಜಿನ ಕಡುವೈರಿಯೂ ಹೌದು. ಅವನ ಕಾಲದ ಕಾಯದೆಗಳಿಂದಾಗಿ 1911, 1912ರಲ್ಲಿ ಸರಟೋಗದಲ್ಲಿ ರೇಸೇ ನಡೆಯಲಿಲ್ಲ. 1913ರಲ್ಲಿ ಮತ್ತೆ ಕುದುರೆಗಳು ಓಡಿದವು. ಮಾರಿಸಿಯ ಜೂಜುಮನೆಯನ್ನು ಊರಿನವರೇ ಕೊಂಡು ಸಾರ್ವಜನಿಕ ಉದ್ಯಾನಕ್ಕೆ ಸೇರಿಸಿದರು. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗವರ್ನರನಾಗಿದ್ದಾಗ ತೋರಿದ ಆಸಕ್ತಿಯಿಂದ, 1935ರಲ್ಲಿ ಸರಕಾರದ್ದೇ ಆದ ಭವ್ಯ ಸ್ನಾನಗೃಹಗಳು ತೆರೆದವು.

ಎರಡನೆಯ ಮಹಾಯುದ್ಧದ ನಂತರ ಹೊಸ ಔಷಧಿಗಳು ಬಂದವು, ನೀರಿನ ಚಿಕಿತ್ಸೆಯಲ್ಲಿ ಜನರ ನಂಬಿಕೆ ಕುಗ್ಗಿತು. ಯುನೈಟೆಡ್ ಸ್ಟೇಟ್ಸ್ ಹೋಟೆಲನ್ನು 1946ರಲ್ಲಿ ಕೆಡವಿದರು. ಗ್ರ್ಯಾಂಡ್ ಯೂನಿಯನ್ನೂ 1950ರ ದಶಕದ ಮೊದಲಲ್ಲೇ ನೆಲಸಮವಾಯಿತು. ಅದೇ ಕಾಲಕ್ಕೆ ಸೆನೆಟಿನ ವಿಚಾರಣೆಯಿಂದಾಗಿ ಕಳ್ಳ ಜೂಜುಕಟ್ಟೆಗಳೂ ಮುಚ್ಚಿದವು. ಊರು ಮುಗಿಯಿತೆಂದೇ ಅನೇಕರೆಣಿಸಿದರು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದರಲ್ಲಿ ಕಲೆಯ ಪಾಲು ದೊಡ್ಡದು. ನಾಲ್ವರು ಮಕ್ಕಳನ್ನೂ ಕಳೆದುಕೊಂಡಿದ್ದ ಟ್ರಾಸ್ಕ್ ದಂಪತಿಗಳು ತಮ್ಮ ‘ಯಾಡೋ’ ಎಂಬ ಎಸ್ಟೇಟನ್ನು ಲೇಖಕ, ಕಲಾವಿದರಿಗೆಂದು ಬಿಟ್ಟುಕೊಟ್ಟಿದ್ದರು. 1926ರಿಂದ ಅಲ್ಲಿ ತಂಗಿ ಬರೆದವರು ಅಸಂಖ್ಯ. 1966ರಲ್ಲಿ ಬುಗ್ಗೆಗಳ ಉದ್ಯಾನದೊಳಗೇ ದೊಡ್ಡ ರಂಗಮಂದಿರವೊಂದು ತೆರೆದು, ಬೇಸಗೆಯಲ್ಲಿ ಬ್ಯಾಲೆ, ಸಂಗೀತಗಳಿಗೆ ಜನ ಸೇರತೊಡಗಿದರು. ರೇಸಂತೂ ಕುಂದಲಿಲ್ಲ. ನ್ಯೂಯಾರ್ಕಿನ ಬೆಲ್ಮಂಟ್ ಮೈದಾನವನ್ನು ಹೊಸದಾಗಿ ಕಟ್ಟುತ್ತಿದ್ದುದರಿಂದ, 2024 ಮತ್ತು 2025ರಲ್ಲಿ ಪ್ರಸಿದ್ಧ ಬೆಲ್ಮಂಟ್ ಪಂದ್ಯವೂ ಸರಟೋಗದಲ್ಲೇ ನಡೆಯಿತು.

ಸೆಲಿಗ್ಮನ್ನನನ್ನು ಹೊರಗಿಟ್ಟ ಹೋಟೆಲು ಇಂದು ಇಲ್ಲ, ನಾರ್ತಪ್ ದುಡಿದ ಹೋಟೆಲೂ ಇಲ್ಲ. ಬುಗ್ಗೆಗಳಿವೆ. ಊರಿನ ಬೀದಿ, ಉದ್ಯಾನಗಳಲ್ಲಿ ಯಾರು ಬೇಕಾದರೂ ಹೋಗಿ ಬೊಗಸೆಯೊಡ್ಡಬಹುದು, ಶೀಸೆ ತುಂಬಿಕೊಂಡು ಬರಬಹುದು. ಕಾಸು ಕೇಳುವವರಿಲ್ಲ, ಕುಲ ಕೇಳುವವರಿಲ್ಲ. ಅದು ತಾನಾಗಿ ಉಳಿದುಬಂದ ಭಾಗ್ಯವಲ್ಲ. ಊರಿನವರು ಸಕಾಲದಲ್ಲಿ ಎಚ್ಚೆತ್ತು, ಕೋರ್ಟಿನ ಮೆಟ್ಟಿಲವರೆಗೂ ಬಿಡದೆ ಹೋರಾಡಿ ಉಳಿಸಿಕೊಂಡದ್ದು. ಅಮೇರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರು ನಯಾಗರ ನೋಡಿ ಬರುತ್ತಾರೆ. ಇನ್ನು ಮುಂದೆ ಹೋಗುವವರು ಸಾಧ್ಯವಾದರೆ ಒಂದು ದಿನ ಸರಟೋಗದಲ್ಲೂ ಇಳಿದು, ಆ ನೀರನ್ನು ಒಂದು ಗುಟುಕು ಕುಡಿದು ಬರಲಿ. ರುಚಿ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಅದು ಎಲ್ಲರಿಗೂ ಸಿಗುತ್ತಿದೆಯಲ್ಲ, ಅದು ಮುಖ್ಯ.